ಹಾಳೆಯಲ್ಲಿ ಹಿಡಿಸದ ಎರಡು ಸಾಲು

ಒಂದು ಕಣ್ಣು ಸಭೆಯ ಮೇಲೆ, ಇನ್ನೊಂದು ಕಣ್ಣು ಗಡಿಯಾರದ ಮೇಲೆ ಇಟ್ಟು ಅಧ್ಯಕ್ಷತೆ ವಹಿಸಿರುವ ನಮ್ಮ ಮುದ್ರಣಾಲಯದ ಮಾಲೀಕರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಪ್ರಾಂಶುಪಾಲರೇ, ಮೈಕಿನ ಪಕ್ಕದಲ್ಲಿ ಚೀಟಿ ಹಿಡಿದು ನಿಂತು ಕಾರ್ಯಕ್ರಮ ನಡೆಸಿಕೊಡುತ್ತಿರುವ ನನ್ನ ಗೆಳತಿ ಗುಬ್ಬಿಯೇ, ಹಳೆಯ ಮತ್ತು ಹೊಸ ವಿದ್ಯಾರ್ಥಿಗಳೇ, ಅವರ ಜೊತೆ ಬಂದು ಇಲ್ಲೇನು ನಡೆಯುತ್ತಿದೆ ಎಂದು ಅರ್ಥವಾಗದೆ ಕೂತಿರುವ ಅವರ ಮನೆಯವರೇ, ಸಭಿಕರೇ. ಹಾಗೆಯೇ, ಎಲ್ಲರಿಗಿಂತ ಮೊದಲು ಹೆಸರಿಸಬೇಕಾಗಿದ್ದ, ಆದರೆ ಮೊದಲು ಹೆಸರಿಸಿದರೆ ಮುಖ ಸಿಂಡರಿಸುವ, ಈ ಸಂಜೆಯ ಸನ್ಮಾನಿತರಾದ ನಮ್ಮ ಮೇಡಂ ಅವರೇ.

ಮಾಲೀಕರು ವೇದಿಕೆ ಹತ್ತುವಾಗ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದರು. "ಹೋದ ಸಲದ ಭಾಷಣಕ್ಕಿಂತ ಶೇಕಡಾ ಐವತ್ತು ಕಮ್ಮಿ ಮಾತಾಡಿ" ಎಂದರು. ಹೋದ ಸಲದವರು ಎಷ್ಟು ಹೊತ್ತು ಮಾತಾಡಿದ್ದರು ಎಂದು ಕೇಳಿದೆ. "ಅದು ಯಾರಿಗೆ ನೆನಪಿದೆ, ನಾನು ನಿದ್ದೆ ಹೋಗಿದ್ದೆ" ಎಂದರು. ಸ್ವಾಮಿ, ನೀವು ಕೊಟ್ಟ ಮಾಹಿತಿ ಸಾಲದು. ಆದ್ದರಿಂದ ನಾನು ನನಗೆ ತೋಚಿದಷ್ಟು ಮಾತಾಡುತ್ತೇನೆ.

ನಗುತ್ತಿರುವವರೆಲ್ಲ ಮೇಡಂ ಕ್ಲಾಸಿನವರು. ನಗದವರಿಗಾಗಿ ಸ್ವಲ್ಪ ವಿವರಿಸಬೇಕು. ಸರ್ಕಾರಿ ಕೆಲಸಕ್ಕೆ ಬರೆಯುವ ಪರೀಕ್ಷೆಗಳಲ್ಲಿ ಡೇಟಾ ಸಫಿಷಿಯನ್ಸಿ ಎಂಬ ಒಂದು ಜಾತಿಯ ಲೆಕ್ಕ ಬರುತ್ತದೆ. ಬೇರೆ ಲೆಕ್ಕಗಳಲ್ಲಿ ಉತ್ತರ ಎಷ್ಟು ಎಂದು ಕೇಳುತ್ತಾರೆ. ಇಲ್ಲಿ ಹಾಗಲ್ಲ. ಒಂದು ಪ್ರಶ್ನೆ ಇರುತ್ತದೆ, ಅದರ ಕೆಳಗೆ ಎರಡು ಹೇಳಿಕೆ. ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಮೊದಲನೆಯ ಹೇಳಿಕೆಯೊಂದೇ ಸಾಕೇ, ಎರಡನೆಯದೊಂದೇ ಸಾಕೇ, ಎರಡೂ ಸೇರಿದರೆ ಸಾಕೇ, ಸೇರಿದರೂ ಸಾಲದೇ? ಅಷ್ಟು ಹೇಳಿದರೆ ಮುಗಿಯಿತು. ಉತ್ತರ ಯಾರಿಗೂ ಬೇಕಾಗಿಲ್ಲ. ಅದರಲ್ಲೂ ಶೇಕಡಾ ಲೆಕ್ಕ ಬಂತೆಂದರೆ ಘಟಾನುಘಟಿಗಳೂ ಮುಗ್ಗರಿಸುತ್ತಾರೆ. ಯಾಕೆಂದರೆ ಶೇಕಡಾ ಎನ್ನುವುದು ಎಷ್ಟು ಎಂದು ಹೇಳುತ್ತದೆ, ಯಾವುದರಲ್ಲಿ ಎಷ್ಟು ಎಂದು ಹೇಳುವುದಿಲ್ಲ.

ನಾನು ಸೇರಿದ ಮೊದಲ ದಿನದ ಪಾಠ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮುದ್ರಣಾಲಯದ ಮೇಲಿನ ಬೈಂಡಿಂಗ್ ಕೋಣೆ. ಬೆಂಚುಗಳಿಲ್ಲ, ಕಾಗದದ ಕಟ್ಟುಗಳ ಮೇಲೆ ಕೂರಬೇಕು. ಅಂಟಿನ ವಾಸನೆ. ಕೆಳಗೆ ಯಂತ್ರ ಓಡಿದರೆ ಮೇಲೆ ನೆಲ ನಡುಗುತ್ತಿತ್ತು. ಹಗಲೆಲ್ಲ ಅದೇ ಕಟ್ಟಡದಲ್ಲಿ ಪ್ರೂಫ್ ನೋಡುವ ಕೆಲಸ ಮಾಡುತ್ತಿದ್ದ ಮೇಡಂ ಸಂಜೆ ಆರು ಗಂಟೆಗೆ ಮೇಲೆ ಬಂದರು. ಬೆರಳಿಗೆ ಮೆತ್ತಿದ್ದ ಕೆಂಪು ಶಾಯಿ ಒರೆಸಿಕೊಳ್ಳುತ್ತಾ ಕೇಳಿದರು: "ನಮ್ಮ ಪ್ರೆಸ್ಸಲ್ಲಿ ಈ ವರ್ಷ ಹೆಂಗಸರ ಸಂಖ್ಯೆ ಶೇಕಡಾ ನೂರು ಹೆಚ್ಚಾಗಿದೆ. ಈಗ ಎಷ್ಟು ಹೆಂಗಸರಿದ್ದೀವಿ?"

ಒಬ್ಬರು ಇಪ್ಪತ್ತು ಎಂದರು. ಒಬ್ಬರು ಐವತ್ತು ಎಂದರು. ನಾನು ನೂರು ಎಂದೆ.

"ಹೋದ ವರ್ಷ ನಾನೊಬ್ಬಳೇ ಇದ್ದೆ" ಎಂದರು ಮೇಡಂ. "ಈ ವರ್ಷ ಬೈಂಡಿಂಗಿಗೆ ಇನ್ನೊಬ್ಬಳು ಸೇರ್ಕೊಂಡ್ಲು. ಇಬ್ಬರು! ನಾನು ಇದನ್ನ ಹೇಳೋ ತನಕ ನಿಮಗೆ ಕೊಟ್ಟಿದ್ದು ಸಾಲದು. ಸಾಲದು ಅನ್ನೋಕೆ ಯಾಕೆ ಇಷ್ಟು ನಾಚಿಕೆ ನಿಮಗೆ?"

ಆ ದಿನದಿಂದ ಅವರಿಗೆ 'ಸಾಲದು ಮೇಡಂ' ಎಂಬ ಹೆಸರು ಬಿತ್ತು. ಅವರಿಗೂ ಗೊತ್ತಿತ್ತು. ಒಮ್ಮೆ ಹಾಜರಿ ಪುಸ್ತಕದಲ್ಲಿ ಯಾರೋ ಕಿಡಿಗೇಡಿ ಅದೇ ಹೆಸರು ಬರೆದಿಟ್ಟಿದ್ದಾಗ ಅವರು ಸಿಟ್ಟಾಗಲಿಲ್ಲ. ಕೆಂಪು ಪೆನ್ನು ತೆಗೆದು ಕಾಗುಣಿತದ ತಪ್ಪು ತಿದ್ದಿದರು, ಅಷ್ಟೇ.

ಅವರು ಪಾಠ ಶುರು ಮಾಡಿದ್ದೇ ಸಿಟ್ಟಿನಿಂದ. ಈ ಪ್ರೆಸ್ಸಿಗೆ ಪರೀಕ್ಷೆಯ ಗೈಡುಗಳು ಅಚ್ಚಿಗೆ ಬರುತ್ತಿದ್ದವು. ಪ್ರೂಫ್ ನೋಡುವವರು ಅಕ್ಷರ ನೋಡಬೇಕು, ಲೆಕ್ಕ ನೋಡಬೇಕಾಗಿಲ್ಲ. ಇವರು ಲೆಕ್ಕವನ್ನೂ ನೋಡಿದರು. ಒಂದೇ ಗೈಡಿನಲ್ಲಿ ಮೂವತ್ತೊಂದು ಉತ್ತರ ತಪ್ಪು! ಬರೆದವರಿಗೆ ಕಾಗದ ಹಾಕಿದರೆ, 'ನೀವು ಕೊಂಬು, ಇಳಿ ನೋಡಿಕೊಂಡರೆ ಸಾಕು' ಎಂದು ಉತ್ತರ ಬಂತು. ಸಾಕು ಎಂಬ ಪದವನ್ನು ಮೇಡಂಗೆ ಯಾರು ಹೇಳಬೇಕು ಹೇಳಿ? ಮಾಲೀಕರ ಹತ್ತಿರ ಹೋಗಿ, ಸಂಜೆ ಹೊತ್ತು ಆ ಕೋಣೆ ಬಿಟ್ಟುಕೊಡಿ ಎಂದು ಕೇಳಿದರು. ಇವತ್ತು ಅದಕ್ಕೆ ಇಪ್ಪತ್ತಾರು ವರ್ಷ.

ಕ್ಲಾಸು ಶುರುವಾಗಿ ಆರು ವರ್ಷದ ಮೇಲೆ ನಾನು ಆ ಕೋಣೆಗೆ ಹೋದೆ. ಆಗ ನನಗೆ ಇಪ್ಪತ್ತಾರು ವಯಸ್ಸು. ರಸಾಯನಶಾಸ್ತ್ರದ ಪದವಿ ಇತ್ತು, ಕೆಲಸ ಇರಲಿಲ್ಲ. ನಮ್ಮಮ್ಮ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಕೆಲಸ ಮಾಡುತ್ತಿದ್ದಳು. ದಿನಕ್ಕೆ ಇನ್ನೂರು ಹಾಸಿಗೆ ಹೊದಿಕೆ. ಮನೆಗೆ ಬಂದಾಗ ಅವಳ ಅಂಗೈ ಮುಟ್ಟಿದರೆ ಬಿಸಿ ಇರುತ್ತಿತ್ತು. ನಾನು ಎರಡು ಸಲ ಪರೀಕ್ಷೆ ಬರೆದು ಎರಡು ಸಲವೂ ಮಣ್ಣು ಮುಕ್ಕಿದ್ದೆ. "ಏನಾಯ್ತೇ?" ಎಂದು ಅಮ್ಮ ಕೇಳುತ್ತಿದ್ದಳು. "ಟೈಮ್ ಸಾಕಾಗ್ಲಿಲ್ಲಮ್ಮ" ಎನ್ನುತ್ತಿದ್ದೆ. ಅದು ನಿಜ. ಪ್ರತಿ ಲೆಕ್ಕವನ್ನೂ ಕೊನೆಯವರೆಗೆ ಬಿಡಿಸುವ ಚಟ ನನಗೆ. ಮೇಡಂ ನನ್ನ ರಫ್ ಹಾಳೆ ನೋಡಿ ತಲೆ ಚಚ್ಚಿಕೊಂಡರು. "ಬಾಗಿಲು ತೆಗೆಯೋ ಕೀಲಿ ಇದೆಯಾ ಅಂತ ಕೇಳಿದ್ರೆ, ನೀನು ಬಾಗಿಲು ತೆಗೆದು, ಒಳಗೆ ಹೋಗಿ, ಕಸ ಗುಡಿಸಿ ಬಂದಿದೀಯಲ್ಲೇ! ಕೀಲಿ ಇದೆ ಅನ್ನು, ಮುಂದಕ್ಕೆ ಹೋಗು" ಎಂದರು.

ನನ್ನ ಪಕ್ಕದ ಕಟ್ಟಿನ ಮೇಲೆ ಕೂರುತ್ತಿದ್ದವಳು ಗುಬ್ಬಿ. ಈಗ ನಿಮಗೆಲ್ಲ ಗುಬ್ಬಿ ಮೇಡಂ. ಇಷ್ಟೇ ಇಷ್ಟು ಇದ್ದಳು, ಲೆಕ್ಕವನ್ನು ಕಾಳು ಹೆಕ್ಕಿದ ಹಾಗೆ ಟಕಟಕ ಹೆಕ್ಕಿ ಮುಗಿಸುತ್ತಿದ್ದಳು. ಇಡೀ ಕ್ಲಾಸಿಗೆ ಅವಳೇ ಮುಂದು. ನನಗಿಂತ ಮುಂದು. ಅದನ್ನು ಆಗ ನಾನು ಇಷ್ಟು ಸುಲಭವಾಗಿ ಹೇಳುತ್ತಿರಲಿಲ್ಲ.

ಇರಲಿ. ನಾನು ಬರೆದುಕೊಂಡು ಬಂದಿರುವುದು ನೀರಿನ ವಿಷಯ, ಅದಕ್ಕೆ ಬರುತ್ತೇನೆ.

ನಾನು ಪರೀಕ್ಷೆ ಪಾಸಾಗಿ ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಸೇರಿದೆ. ಊರಿನ ಬೇರೆ ಬೇರೆ ನಲ್ಲಿಗಳಿಂದ ಬಾಟಲಿಗಳಲ್ಲಿ ನೀರು ತಂದು, ಅದು ಕುಡಿಯಲು ಯೋಗ್ಯವೋ ಅಲ್ಲವೋ ಎಂದು ನೋಡುವ ಕೆಲಸ. ತಿಂಗಳ ಕೊನೆಗೆ ಒಂದು ಫಾರಂ ತುಂಬಬೇಕು. ಅದರಲ್ಲಿ ಒಂದೇ ಒಂದು ಸಾಲಿನ ಜಾಗ: ಕೆಟ್ಟ ಮಾದರಿಗಳು ಶೇಕಡಾ ಎಷ್ಟು?

ಸೇರಿ ನಾಲ್ಕನೇ ವರ್ಷ. ಒಂದು ತಿಂಗಳು ಕೆಟ್ಟ ಮಾದರಿ ಶೇಕಡಾ ಎಂಟು. ಮರು ತಿಂಗಳು ಶೇಕಡಾ ನಾಲ್ಕು. ನಮ್ಮ ದೊಡ್ಡ ಸಾಹೇಬರಿಗೆ ಖುಷಿಯೋ ಖುಷಿ. "ಅರ್ಧಕ್ಕರ್ಧ ಇಳೀತು ನೋಡ್ರಿ. ಸಹಿ ಹಾಕಿ ಕಳಿಸಿ, ಆ ಕಡೆ ಪೈಪು ಬದಲಾಯಿಸೋ ಕೆಲಸ ಸದ್ಯಕ್ಕೆ ಬೇಡ ಅಂತ ಬರೆದುಬಿಡೋಣ" ಎಂದರು. ಪೆನ್ನು ಹಿಡಿದೆ. ಮತ್ತೆ ಕೆಳಗಿಟ್ಟೆ. ಎಂಟು, ಯಾವುದರಲ್ಲಿ? ನಾಲ್ಕು, ಯಾವುದರಲ್ಲಿ? ನನ್ನ ತಲೆಯೊಳಗೆ ಬೈಂಡಿಂಗ್ ಕೋಣೆಯ ನೆಲ ನಡುಗಿತು.

ರಿಜಿಸ್ಟರ್ ತೆಗೆಸಿದೆ. ಮೊದಲ ತಿಂಗಳು ತಂದ ಮಾದರಿ ಐವತ್ತು, ಎಲ್ಲವೂ ಊರ ಕೊನೆಯ ತಗ್ಗಿನ ಬೀದಿಗಳಿಂದ. ಕೆಟ್ಟವು ನಾಲ್ಕು. ಮರು ತಿಂಗಳು ತಂದದ್ದು ಇನ್ನೂರು. ಕೆಟ್ಟವು ಎಂಟು. ಕೆಟ್ಟ ಬಾಟಲಿ ಇಮ್ಮಡಿಯಾಗಿದೆ, ಶೇಕಡಾ ಅರ್ಧವಾಗಿದೆ! ಹೇಗೆಂದರೆ, ಹೆಚ್ಚಿಗೆ ತಂದ ನೂರೈವತ್ತು ಬಾಟಲಿಯೂ ನೀರಿನ ಟ್ಯಾಂಕಿನ ಅಕ್ಕಪಕ್ಕದ ನಲ್ಲಿಗಳದ್ದು. ಅಲ್ಲಿ ನೀರು ಯಾವಾಗಲೂ ಶುದ್ಧ. ಆ ಎಂಟೂ ಕೆಟ್ಟ ಬಾಟಲಿ ಬಂದದ್ದು ಅದೇ ತಗ್ಗಿನ ಬೀದಿಯ ಐವತ್ತು ನಲ್ಲಿಗಳಿಂದ. ಅಲ್ಲಿಯವರ ಪಾಲಿಗೆ ಅದು ಶೇಕಡಾ ನಾಲ್ಕಲ್ಲ, ಹದಿನಾರು. ಎಂಟು ಹದಿನಾರಾಗಿತ್ತು.

ಫಾರಂನಲ್ಲಿ ಇಷ್ಟೆಲ್ಲ ಬರೆಯಲು ಜಾಗ ಎಲ್ಲಿದೆ? ನಾನು ಇನ್ನೊಂದು ಬಿಳಿ ಹಾಳೆ ತೆಗೆದುಕೊಂಡೆ. ಬೀದಿ ಬೀದಿಯ ಲೆಕ್ಕ ಬರೆದು ಫಾರಂಗೆ ಪಿನ್ನು ಚುಚ್ಚಿದೆ. ಸಾಹೇಬರು, "ಫಾರಂಗೆ ಯಾರಾದ್ರೂ ಬಾಲ ಅಂಟಿಸ್ತಾರೇನ್ರಿ?" ಎಂದರು. "ಬಾಲ ಇಲ್ದೇ ಇದಕ್ಕೆ ಸಹಿ ಹಾಕಲ್ಲ ಸರ್" ಎಂದೆ. ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. ನಾಲ್ಕನೇ ದಿನ ತಾವೇ ಆ ಬೀದಿಗೆ ನಡೆದುಕೊಂಡು ಹೋದರು. ಶಾಲೆಯ ಹಿಂದೆ ಚರಂಡಿಯ ಅಡಿಯಲ್ಲಿ ಪೈಪು ಸೀಳಿತ್ತು. ಆ ಶಾಲೆಯಲ್ಲಿ ಆ ವಾರ ಒಂದೇ ತರಗತಿಯ ಒಂಬತ್ತು ಮಕ್ಕಳು ವಾಂತಿಭೇದಿಯಿಂದ ಮನೆಯಲ್ಲಿದ್ದರು. ಪೈಪು ಬದಲಾಯಿತು. ಮಕ್ಕಳು ಗುಣವಾದರು. ಸಾಹೇಬರು ಮುಂದಿನ ತಿಂಗಳು ಫಾರಂ ಕೊಡುವಾಗ, ತಾವೇ ಒಂದು ಬಿಳಿ ಹಾಳೆಯನ್ನೂ ಜೊತೆಗೆ ಕೊಟ್ಟರು.

ನನ್ನ ಭಾಷಣ ಇಲ್ಲಿಗೆ ಮುಗಿಯಬೇಕು. 'ಈ ಬುದ್ಧಿ ಕೊಟ್ಟವರು ನಮ್ಮ ಮೇಡಂ, ಅವರಿಗೆ ದೀರ್ಘಾಯುಷ್ಯವಿರಲಿ' ಎಂದು ಕೊನೆಯ ಸಾಲು ಬರೆದುಕೊಂಡಿದ್ದೇನೆ. ಈ ಕಥೆಯನ್ನು ನಾನು ಹತ್ತಾರು ಕಡೆ ಹೇಳಿದ್ದೇನೆ. ಹೇಳಿದಲ್ಲೆಲ್ಲ ಜನ ಕೇಳುತ್ತಾರೆ: "ಇನ್ನೊಂದು ಹಾಳೆ ತಗೋಬೇಕು ಅಂತ ನಿಮಗೆ ಹೇಗೆ ಹೊಳೀತು?" ನಮ್ಮ ಮೇಡಂ ಕಲಿಸಿದರು ಎನ್ನುತ್ತೇನೆ. ಅಷ್ಟಕ್ಕೆ ಚಪ್ಪಾಳೆ ಬೀಳುತ್ತದೆ.

ಆದರೆ ಅದನ್ನು ಅವರು ಕ್ಲಾಸಿನಲ್ಲಿ ಕಲಿಸಲಿಲ್ಲ. ನಮ್ಮ ಮನೆಯ ಬಾಗಿಲಲ್ಲಿ ನಿಂತು ಕಲಿಸಿದರು. ಅದನ್ನು ನಾನು ಎಲ್ಲೂ ಹೇಳಿಲ್ಲ. ಅಲ್ಲಿ, ಮೂರನೇ ಸಾಲಿನಲ್ಲಿ, ನಮ್ಮ ತಂಡದವರೇ ಕೂತಿದ್ದಾರೆ. ಏಳು, ಎಂಟು... ಹನ್ನೊಂದು ಜನ. ನಿಮ್ಮೆದುರಿಗೆ ನಿಂತು ಆ ಬಾಗಿಲ ಮಾತನ್ನು ನುಂಗಿ ಕೂತರೆ... ಗುಬ್ಬಿ, ನನಗೆ ಒಂದು ಲೋಟ ನೀರು ಕೊಡು.

ಕ್ಷಮಿಸಿ. ನಮ್ಮ ತಂಡದವರಿಗೆಲ್ಲ ಆ 'ಗ್ರಂಥಾಲಯದ ಲೆಕ್ಕ' ನೆನಪಿದೆ. ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಪರೀಕ್ಷೆಗೆ ಐದು ದಿನ ಇತ್ತು. ಪ್ರೆಸ್ಸಿಗೆ ತುರ್ತು ಕೆಲಸ ಬಂದು ಬೈಂಡಿಂಗ್ ಕೋಣೆಯಲ್ಲಿ ಸೂರಿನವರೆಗೆ ಪುಸ್ತಕ ಪೇರಿಸಿದ್ದರು. ಕೂರಲು ಜಾಗವಿಲ್ಲ. ಕೊನೆಯ ಪಾಠದ ಬದಲು ಒಂದು ಹಾಳೆಯ ಟಿಪ್ಪಣಿ ಹಂಚುತ್ತೇನೆ ಎಂದು ಮೇಡಂ ಹೇಳಿದರು. ಅವರ ಅಕ್ಷರ ಓದಲು ಅವರಿಗೇ ಕಷ್ಟ. ನನ್ನ ಅಕ್ಷರ ಗುಂಡಾಗಿತ್ತು. ಅವರು ಬರೆದದ್ದನ್ನು ನನಗೆ ಕೊಟ್ಟು, "ಚೆನ್ನಾಗಿ ನಕಲು ಮಾಡಿ ತಂದು ತೋರಿಸು. ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಕೊಡೋಣ" ಎಂದರು.

ಭಾನುವಾರ ಮಧ್ಯಾಹ್ನ. ಅಮ್ಮ ಊಟ ಮಾಡಿ ಮಲಗಿದ್ದಳು. ನಾನು ಬರೆಯುತ್ತಾ ಬಂದೆ. ಕೊನೆಯ ನಿಯಮಕ್ಕೆ ಬಂದೆ. 'ಎರಡು ಗುಂಪುಗಳ ಶೇಕಡಾ ಏರಿಕೆ ಮಾತ್ರ ಕೊಟ್ಟು, ಗುಂಪುಗಳ ಗಾತ್ರ ಕೊಡದಿದ್ದರೆ, ಒಟ್ಟು ಏರಿಕೆ ಎಷ್ಟೆಂದು ಹೇಳಲಾಗದು. ಸಾಲದು.' ಅಷ್ಟಕ್ಕೆ ಹಾಳೆ ತುಂಬಿತು. ಮೇಡಂ ಬರೆದದ್ದರಲ್ಲಿ ಇನ್ನೂ ಎರಡು ಸಾಲು ಉಳಿದಿತ್ತು. 'ಎಚ್ಚರ: ಎರಡೂ ಗುಂಪಿನ ಶೇಕಡಾ ಒಂದೇ ಆಗಿದ್ದರೆ ಗಾತ್ರ ಬೇಕಾಗಿಲ್ಲ. ಒಟ್ಟು ಏರಿಕೆಯೂ ಅಷ್ಟೇ. ಆಗ ಎರಡು ಹೇಳಿಕೆ ಸೇರಿ ಸಾಕು.'

ಇನ್ನೊಂದು ಹಾಳೆ ತೆಗೆದುಕೊಳ್ಳಬಹುದಿತ್ತು. ಅಥವಾ ಮೊದಲಿನಿಂದ ಸಣ್ಣ ಅಕ್ಷರದಲ್ಲಿ ಮತ್ತೆ ಬರೆಯಬಹುದಿತ್ತು. ನಾನು ಎರಡನ್ನೂ ಮಾಡಲಿಲ್ಲ. ಇಂಥದ್ದನ್ನೆಲ್ಲ ಯಾರು ಕೇಳುತ್ತಾರೆ ಎಂದುಕೊಂಡೆ. ಪೆನ್ನಿಗೆ ಮುಚ್ಚಳ ಹಾಕಿದೆ.

ಸೋಮವಾರ ನನ್ನ ನಕಲನ್ನೂ ಅವರ ಮೂಲವನ್ನೂ ಮೇಡಂ ಹತ್ತಿರ ಒಯ್ದಾಗ ಅವರ ಮೇಜಿನ ಮೇಲೆ ತುರ್ತು ಕೆಲಸದ ಪ್ರೂಫ್ ರಾಶಿ ಬಿದ್ದಿತ್ತು. ಯಂತ್ರದವನು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದ. ಅವರು ನನ್ನ ಹಾಳೆಯನ್ನು ಮೇಲಿಂದ ಕೆಳಕ್ಕೆ ಒಮ್ಮೆ ನೋಡಿ, "ಮುತ್ತು ಪೋಣಿಸಿದ ಹಾಗಿದೆ ಕಣೇ" ಎಂದು ಜೆರಾಕ್ಸಿಗೆ ಕಳಿಸಿದರು. ಇಪ್ಪತ್ತನಾಲ್ಕು ಪ್ರತಿ.

ಪರೀಕ್ಷೆಯಲ್ಲಿ ಏನು ಬಂತು ಹೇಳಿ? ನಮ್ಮ ತಂಡದವರಿಗೆ ಹೇಳಬೇಕಾಗಿಲ್ಲ. 'ಒಂದು ಗ್ರಂಥಾಲಯದ ಒಟ್ಟು ಪುಸ್ತಕಗಳು ಈ ವರ್ಷ ಶೇಕಡಾ ಎಷ್ಟು ಹೆಚ್ಚಾಗಿವೆ? ಹೇಳಿಕೆ ಒಂದು: ಕಥೆ ಪುಸ್ತಕಗಳು ಶೇಕಡಾ ಹತ್ತು ಹೆಚ್ಚಿವೆ. ಹೇಳಿಕೆ ಎರಡು: ಉಳಿದ ಪುಸ್ತಕಗಳು ಶೇಕಡಾ ಹತ್ತು ಹೆಚ್ಚಿವೆ.' ಟಿಪ್ಪಣಿಯನ್ನು ಬಾಯಿಪಾಠ ಮಾಡಿದ್ದವರಲ್ಲಿ ಹತ್ತೊಂಬತ್ತು ಜನ ಕಣ್ಣು ಮುಚ್ಚಿಕೊಂಡು 'ಸಾಲದು' ಎಂದು ಬರೆದರು. ನಾನು 'ಎರಡೂ ಸೇರಿ ಸಾಕು' ಎಂದು ಬರೆದೆ. ನನಗೆ ಆ ಎರಡು ಸಾಲು ನೆನಪಿತ್ತು. ಇರದೇ ಏನು? ಅವನ್ನು ಬಿಟ್ಟವಳೇ ನಾನು.

ಮರುದಿನ ಸಂಜೆ ಎಲ್ಲರೂ ಬೈಂಡಿಂಗ್ ಕೋಣೆಯಲ್ಲಿ ಸೇರಿದೆವು. ಗುಬ್ಬಿಯೇ ಆ ಪ್ರಶ್ನೆ ಓದಿದಳು. ಮೇಡಂ ಕೈ ಚಾಚಿದರು. "ಟಿಪ್ಪಣಿ ಕೊಡು" ಎಂದರು. ಕೊನೆಯ ಸಾಲು ಓದಿದರು. ಹಾಳೆ ತಿರುಗಿಸಿ ಹಿಂಬದಿ ನೋಡಿದರು. ಅಲ್ಲಿ ಏನೂ ಇರಲಿಲ್ಲ. ನಾನು ನೆಲ ನೋಡುತ್ತಾ ಕೂತಿದ್ದೆ. ಈಗ ನನ್ನ ಹೆಸರು ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಾ.

ಮೇಡಂ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಬರೆದರು: ನಾನು ಹಂಚಿದ ನಿಯಮ ತಪ್ಪು. ಆಮೇಲೆ ನಮ್ಮ ಕಡೆ ತಿರುಗಿದರು. "ಎರಡು ಬುಟ್ಟಿ ಇದೆ ಅಂದ್ಕೊಳ್ಳಿ. ಎರಡರಲ್ಲೂ ಹತ್ತಕ್ಕೆ ಒಂದರ ಹಾಗೆ ಸೇರಿಸಿದ್ರೆ, ಎರಡನ್ನೂ ಒಟ್ಟಿಗೆ ಸುರಿದ್ರೂ ಹತ್ತಕ್ಕೆ ಒಂದೇ ಹೆಚ್ಚಿರತ್ತೆ. ಬುಟ್ಟಿ ಎಷ್ಟು ದೊಡ್ಡದಾದ್ರೆ ಏನು? ಸಾಕು. ಇದನ್ನ ನಾನು ನಿಮಗೆ ಕೊಡಲಿಲ್ಲ. ನಿಮ್ಮ ಒಂದೊಂದು ಅಂಕ ನನ್ನಿಂದ ಹೋಯ್ತು."

ಯಾರೋ ನನ್ನನ್ನು ಕೇಳಿದರು: "ನೀನು ಸರಿ ಬರೆದಿದೀಯಲ್ಲ, ಹೇಗೆ?" ನಾನು, "ಏನೋ, ಅಂದಾಜಲ್ಲಿ ಬರೆದೆ" ಎಂದೆ. ಮೇಡಂ ನನ್ನ ಕಡೆ ನೋಡಲಿಲ್ಲ. ಹಲಗೆ ಒರೆಸುತ್ತಿದ್ದರು.

ಅಷ್ಟಕ್ಕೇ ಬಿಡಬಹುದಿತ್ತಲ್ಲವೇ? ಯಾವ ಮೇಷ್ಟ್ರು ಅದಕ್ಕಿಂತ ಹೆಚ್ಚು ಮಾಡುತ್ತಾರೆ? ಇವರಿಗೆ ಅದು ಸಾಲದು. ದಿನಕ್ಕೆ ಎರಡು ಮನೆಯಂತೆ, ಹನ್ನೆರಡು ದಿನ, ಇಪ್ಪತ್ತನಾಲ್ಕು ಮನೆಗೂ ನಡೆದುಕೊಂಡು ಹೋದರು. ನಮ್ಮನ್ನಲ್ಲ, ನಮ್ಮ ಅಪ್ಪ ಅಮ್ಮಂದಿರನ್ನು ಕೂರಿಸಿ ಹೇಳಿದರು. ಸರಿ ಬರೆದವರ ಮನೆಗೂ ಹೋದರು. ಒಂದು ಮನೆಯಲ್ಲಿ ಅಪ್ಪನೊಬ್ಬ ಬಾಗಿಲಲ್ಲೇ ನಿಲ್ಲಿಸಿ ಬಾಯಿಗೆ ಬಂದಂತೆ ಬೈದನಂತೆ. ಇವರು ಪೂರ್ತಿ ಕೇಳಿಸಿಕೊಂಡು, ಮತ್ತೆ ಮೊದಲಿನಿಂದ ಹೇಳಿದರಂತೆ.

ನಮ್ಮ ಮನೆಗೆ ಬಂದ ದಿನ ಅಮ್ಮ ಆಗಷ್ಟೇ ಕೆಲಸದಿಂದ ಬಂದಿದ್ದಳು. ಮೇಡಂ ಅವಳೆದುರು ಕೂತು, "ನಿಮ್ಮ ಮಗಳಿಗೆ ನಾನು ಅರ್ಧ ನಿಯಮ ಹೇಳ್ಕೊಟ್ಟೆ. ಅವಳು ತನ್ನ ಪುಣ್ಯದಿಂದ ಸರಿ ಬರೆದಿದಾಳೆ. ಆದ್ರೂ ತಪ್ಪು ನಂದು. ಅದನ್ನ ಹೇಳಿ ಹೋಗೋಣ ಅಂತ ಬಂದೆ" ಎಂದರು.

ಅಮ್ಮನಿಗೆ ಏನೂ ಅರ್ಥವಾಗಲಿಲ್ಲ. "ಅಯ್ಯೋ, ಒಂದು ಲೆಕ್ಕಕ್ಕೆ ಇಷ್ಟು ದೂರ ನಡ್ಕೊಂಡು ಬಂದ್ರಾ ಮೇಡಂ? ಕೂತ್ಕೊಳ್ಳಿ, ಏನಾದ್ರೂ ಕುಡಿದು ಹೋಗಿ" ಎಂದಳು.

ನಾನು ಬೀಳ್ಕೊಡಲು ಬಾಗಿಲವರೆಗೆ ಬಂದೆ. ಮೇಡಂ ಚಪ್ಪಲಿ ಹಾಕಿಕೊಳ್ಳುತ್ತಾ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: "ನಿನ್ನ ಅಕ್ಷರ ಚೆನ್ನಾಗಿದೆ. ಇನ್ಮೇಲೆ ಹಾಳೆ ಸಾಲದೇ ಹೋದ್ರೆ, ಇನ್ನೊಂದು ಹಾಳೆ ತಗೋ."

ಅವರಿಗೆ ಗೊತ್ತಿತ್ತು. ಅವರು ಬರೆದ ಮೂಲ ಅವರ ಹತ್ತಿರವೇ ಇತ್ತಲ್ಲ, ಮನೆಗೆ ಹೋಗಿ ಹೋಲಿಸಿ ನೋಡಿದ್ದಾರೆ. ನಾನು ತಡೆಯಲಾರದೆ ಕೇಳಿದೆ: "ಮತ್ತೆ ಯಾಕೆ ಮೇಡಂ, ನಿಮ್ಮದು ಅಂತ ಎಲ್ಲರಿಗೂ...?"

"ನಾನು ಪ್ರೂಫ್ ನೋಡೋಳು" ಎಂದರು. "ತಪ್ಪು ಉಳಿದಿದ್ರೆ ಅದು ನೋಡಿದವಳದ್ದು. ಬರೆದವಳದ್ದು ಬರೆದವಳು ನೋಡ್ಕೊಬೇಕು." ಇಷ್ಟು ಹೇಳಿ ಮುಂದಿನ ಮನೆಗೆ ಹೊರಟರು.

ಬರೆದವಳು ನೋಡಿಕೊಳ್ಳಲಿಲ್ಲ. ಬರೆದವಳು ಬಾಗಿಲು ಹಾಕಿಕೊಂಡಳು.

ಫಲಿತಾಂಶ ಬಂತು. ಎಷ್ಟು ಅಂಕಕ್ಕೆ ಆಯ್ಕೆ ನಿಂತಿತೋ, ಸರಿಯಾಗಿ ಅಷ್ಟೇ ನನ್ನ ಅಂಕ. ಒಂದು ಕಡಿಮೆಯಾಗಿದ್ದರೆ ನಾನು ಇಲ್ಲ. 'ಸಾಲದು' ಎಂದು ಬರೆದವರಲ್ಲಿ ಮೂವರು ಆ ಒಂದೇ ಒಂದು ಅಂಕದಿಂದ ಹೊರಗೆ ಉಳಿದರು. ಇಬ್ಬರು ಮುಂದಿನ ವರ್ಷ ಪಾಸಾದರು, ಇಲ್ಲೇ ಕೂತಿದ್ದಾರೆ. ಮೂರನೆಯವಳಿಗೆ ವಯಸ್ಸಿನ ಮಿತಿ ಮುಗಿದಿತ್ತು. ಅದು ಅವಳ ಕೊನೆಯ ಅವಕಾಶ. ಅವಳು ಗುಬ್ಬಿ.

ಗುಬ್ಬಿ ಅಂದು ಅಳಲಿಲ್ಲ. ನನ್ನನ್ನು ಅಪ್ಪಿಕೊಂಡು, "ನೀನಾದ್ರೂ ಆದ್ಯಲ್ಲ, ಸಾಕು ಬಿಡೇ" ಎಂದಳು. ಮೇಡಂ ಅವಳನ್ನು ಕರೆಸಿ, "ನಾನು ಬರೆದಿದ್ದನ್ನ ಇನ್ನೊಬ್ಬರು ನೋಡ್ಬೇಕು. ನಿನ್ನಷ್ಟು ಚುರುಕು ಕಣ್ಣು ಯಾರದ್ದೂ ಇಲ್ಲ, ಬರ್ತೀಯಾ?" ಎಂದರು. ಹತ್ತೊಂಬತ್ತು ವರ್ಷದಿಂದ ಆ ಕೋಣೆಯಲ್ಲಿ ಗುಬ್ಬಿಯ ಸಹಿ ಇಲ್ಲದೆ ಒಂದು ಚೀಟಿಯೂ ಹಂಚಿಲ್ಲ. ಮೇಡಂ ಇವತ್ತಿಗೆ ಪಾಠ ನಿಲ್ಲಿಸುತ್ತಿದ್ದಾರೆ, ನಾಳೆಯಿಂದ ಆ ಕ್ಲಾಸು ಅವಳದೇ. ಅವಳ ಕೈಯಲ್ಲಿ ಕಲಿತು ಕೆಲಸಕ್ಕೆ ಸೇರಿದವರು ಈ ಸಭಾಂಗಣದಲ್ಲಿ ಇನ್ನೂರು ಜನ ಇದ್ದಾರೆ. ಹಾಗಾದರೆ ಒಳ್ಳೆಯದೇ ಆಯಿತಲ್ಲ ಎಂದು ನಾನು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಆ ಲೆಕ್ಕವನ್ನು ಮಾಡುವ ಹಕ್ಕು ನನ್ನದಲ್ಲ, ಅವಳದ್ದು.

ಬೇಕಂತಲೇ ಬಿಟ್ಟೆಯಾ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಹೇಳಿಕೆ ಒಂದು: ಹಾಳೆ ತುಂಬಿತ್ತು. ಹೇಳಿಕೆ ಎರಡು: ಗುಬ್ಬಿ ನನಗಿಂತ ಮುಂದಿದ್ದಳು, ಅದು ನನಗೆ ಚುಚ್ಚುತ್ತಿತ್ತು. ಎರಡನ್ನೂ ಸೇರಿಸಿ ಎಷ್ಟು ವರ್ಷ ತಿಕ್ಕಿದರೂ ಅಂದಿನ ಭಾನುವಾರ ನನ್ನ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಇವತ್ತಿಗೂ ಸಿಕ್ಕಿಲ್ಲ. ಸಿಕ್ಕಿದ್ದರೆ ಖಂಡಿತ ಹೇಳುತ್ತಿದ್ದೆ. ಆದರೆ ಆಮೇಲೆ ಬಾಯಿ ಮುಚ್ಚಿಕೊಂಡದ್ದು ಬೇಕಂತಲೇ. ಅದಕ್ಕೆ ಯಾವ ಹೇಳಿಕೆಯೂ ಬೇಕಾಗಿಲ್ಲ.

ಈ ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಮನೆಗಳಲ್ಲಿ 'ಆ ಮೇಡಂ ತಪ್ಪಾಗಿ ಹೇಳಿಕೊಟ್ಟರು' ಎಂಬ ಮಾತು ಬಂದಿದೆಯೋ. ನನ್ನೆದುರಿಗೇ ಬಂದಿದೆ. ನಾನು ತಲೆ ಆಡಿಸಿದ್ದೇನೆ. ಮೇಡಂ ಒಂದು ದಿನವೂ ನನ್ನ ಹೆಸರು ಎತ್ತಲಿಲ್ಲ, ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ. ನಾನು ಪ್ರಯೋಗಾಲಯದ ಮುಖ್ಯಸ್ಥೆಯಾದ ದಿನ ಮೊದಲು ಬಂದವರು ಅವರೇ. ಬಂದು, ಎಲ್ಲರೆದುರು, "ಇವಳು ನನ್ನ ವಿದ್ಯಾರ್ಥಿನಿ" ಎಂದರು. ಇಂಥವರನ್ನು ಯಾವ ಮಾತಿನಿಂದ ಸನ್ಮಾನ ಮಾಡುವುದು? ಅವರ ಮೇಲಿರುವ ತಪ್ಪನ್ನು ತೆಗೆದು, ಅದು ಯಾರದೋ ಅವರ ಮೇಲೆ ಇಡುವುದು ಬಿಟ್ಟರೆ ನನ್ನಲ್ಲಿ ಬೇರೆ ಏನೂ ಇಲ್ಲ.

ಆದ್ದರಿಂದ, ಸಭಿಕರೇ, ದಯವಿಟ್ಟು ತಿದ್ದಿಕೊಳ್ಳಿ. ಮೇಡಂ ಪೂರ್ತಿ ನಿಯಮ ಬರೆದಿದ್ದರು. ಅರ್ಧ ಮಾಡಿದವಳು ನಾನು. ಆ ಮೂರನೇ ಸಾಲಿನವರೇ, ನಿಮ್ಮ ಅಂಕ ಹೋದದ್ದು ನನ್ನಿಂದ. ಬಾರದವರ ಮನೆಗಳಿಗೆ ನಾನೇ ಹೋಗಿ ಹೇಳುತ್ತೇನೆ. ಗುಬ್ಬಿ, ನಿನ್ನ ಮುಖ ನೋಡಲು ನನಗೆ ಧೈರ್ಯ ಸಾಲುತ್ತಿಲ್ಲ. ನೀನು ಇಲ್ಲೇ, ಇಷ್ಟು ಜನರ ಎದುರು, ನಗಬೇಕಾಗಿಲ್ಲ, ಏನೂ ಹೇಳಬೇಕಾಗಿಲ್ಲ, ನನ್ನನ್ನು ಕ್ಷಮಿಸಬೇಕಾಗಿಲ್ಲ. ನಾಳೆ ಬೆಳಗ್ಗೆ ನಿನ್ನ ಮನೆಗೆ ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನಗೆ ಬಿಟ್ಟದ್ದು.

ಮಾಲೀಕರೇ, ಹೊತ್ತು ಮೀರಿತು, ಗೊತ್ತು. ನಿಮ್ಮ ಕೋಣೆಗೆ, ನಿಮ್ಮ ತಾಳ್ಮೆಗೆ, ಇಷ್ಟು ಹೊತ್ತು ಕೇಳಿಸಿಕೊಂಡ ನಿಮ್ಮೆಲ್ಲರಿಗೆ ನಾನು ಋಣಿ.

ಮೇಡಂ, ನೀವು ಯಾಕೆ ಎದ್ದಿರಿ? ಬೇಡ ಮೇಡಂ, ಮೈಕಿನ ಹತ್ತಿರ ಬರಬೇಡಿ. ನೀವು ಏನು ಹೇಳಲು ಬರುತ್ತಿದ್ದೀರಿ ಎಂದು ನನಗೆ ಗೊತ್ತು. ತಪ್ಪು ನೋಡಿದವಳದ್ದು ಎನ್ನುತ್ತೀರಿ. ಇಲ್ಲ ಮೇಡಂ. ಇವತ್ತು ನೀವು ಕೂತುಕೊಳ್ಳಬೇಕು. ಇವತ್ತು ನನ್ನ ಪರವಾಗಿ ನೀವು ಮಾತಾಡುವ ಹಾಗಿಲ್ಲ. ದಯವಿಟ್ಟು ಕೂತುಕೊಳ್ಳಿ.

ಹಾಂ. ಹಾಗೆ.

ನಮಸ್ಕಾರ.